ಅಕ್ಕನ ಕಟ್ಟೆಗೆ ಕೈ ಹಾಕಿದವರು

ನನ್ನ ಬೆರಳುಗಳ ಮೇಲೆ ಅವನ ಬೂಟು ಇತ್ತು.

ಬೂಟಿನ ಮೇಲೆ ಅವನ ಪೂರ್ತಿ ತೂಕ. ಜನ ಅವನನ್ನು ಗೂಳಿ ಎಂದು ಕರೆಯುವುದು ಸುಮ್ಮನೆ ಅಲ್ಲ!

ಅಣೆಕಟ್ಟಿನ ಕಾಲುಸೇತುವೆಯ ಅಂಚು ಹಿಡಿದು ನಾನು ನೇತಾಡುತ್ತಿದ್ದೆ. ಕೆಳಗೆ ನೀರು ಭೋರ್ಗರೆಯುತ್ತಿತ್ತು...

"ಕೈ ಬಿಡ್ತೀಯೋ, ಬಿಡಿಸ್ಲೋ?" ಎಂದ ಗೂಳಿ.

"ಯೋಚ್ನೆ ಮಾಡಿ ಹೇಳ್ತೀನಿ. ಸ್ವಲ್ಪ ಟೈಮ್ ಕೊಡು."

ಅವನ ಹಿಂದೆ ಕಂಟ್ರಾಕ್ಟರ್ ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಶರ್ಟು. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಸಾಕು. ತುಳಿಯೋ!"

ಇಂಥ ಜಾಗದಲ್ಲಿ ನಾನು ನೇತಾಡಲು ಕಾರಣ ಯಾರು ಅಂತೀರಾ? ನನ್ನ ಅಕ್ಕ.

ಕೇಳಿ. ನಾನು ಪತ್ತೇದಾರ. ಓಡಿಹೋದ ಗಂಡಂದಿರು, ಕಳುವಾದ ಕಾರುಗಳು, ಇವೇ ನನ್ನ ಹೊಟ್ಟೆಪಾಡು. ಅಕ್ಕ ಈ ಪುಟ್ಟ ಅಣೆಕಟ್ಟಿನ ಮೇಲ್ವಿಚಾರಕಿ. ಇಲ್ಲಿ ಕರೆಂಟ್ ಹುಟ್ಟುವುದಿಲ್ಲ. ಯಾರ ಮನೆಯ ನಲ್ಲಿಗೂ ಇಲ್ಲಿಂದ ನೀರು ಹೋಗುವುದಿಲ್ಲ. ಮೀನಿಗೆ, ಹಕ್ಕಿಗೆ ಅಂತಲೇ ನಿಲ್ಲಿಸಿರುವ ನೀರಿದು. ನಡುವೆ ಒಂದು ದ್ವೀಪ. ಈಗ ಮರಿಗಳ ಕಾಲ, ದ್ವೀಪದ ನೆಲದ ಮೇಲೂ ಗೂಡುಗಳಿವೆ. ಸುತ್ತ ನೀರಿರುವ ತನಕ ನರಿಯಾಗಲಿ ನಾಯಿಯಾಗಲಿ ಅತ್ತ ಸುಳಿಯುವುದಿಲ್ಲ.

ಈ ಅಣೆಕಟ್ಟಿಗೆ ಕಬ್ಬಿಣದ ಗೇಟಿಲ್ಲ. ಎರಡು ಕಂಬಗಳ ಸೀಳಿನೊಳಗೆ ಒಂದರ ಮೇಲೊಂದು ಮರದ ಹಲಗೆ ಇಳಿಸಿ ನೀರು ತಡೆಯುತ್ತಾರೆ. ಆ ಹಲಗೆಗಳನ್ನು ಯಾರೋ ಕದ್ದು ಎತ್ತುತ್ತಿದ್ದರು.

"ದ್ವೀಪಕ್ಕೂ ದಡಕ್ಕೂ ಮಧ್ಯೆ ಮೊಣಕಾಲುದ್ದ ನೀರಿದೆ ಅಷ್ಟೇ," ಎಂದು ನಿನ್ನೆ ಅಕ್ಕ ಫೋನಿನಲ್ಲಿ ಹಲ್ಲು ಕಡಿದಿದ್ದಳು. "ಅದೂ ಹೋದ್ರೆ ನಾಯಿಗಳು ನಡ್ಕೊಂಡೇ ಹೋಗ್ತವೆ. ನಾಳೆ ಮಧ್ಯಾಹ್ನ ಇನ್‌ಸ್ಪೆಕ್ಷನ್! ಗೂಡು ಖಾಲಿ ಇದ್ರೆ, ಹಕ್ಕಿನೇ ಇಲ್ಲ ಅಂತ ಕಟ್ಟೆ ಒಡೆಸ್ತಾರೆ. ಜಾಗ ಕಂಟ್ರಾಕ್ಟರ್ ಹೋಟೆಲ್‌ಗೆ! ಬರ್ತೀಯೋ, ಅಲ್ಲೇ ಬಿದ್ದಿರ್ತೀಯೋ?"

ಬಂದೆ. ಅಕ್ಕ ಕರೆದರೆ ಬರದೇ ಇರುವಷ್ಟು ಧೈರ್ಯ ನನಗಿಲ್ಲ.

ಬಂದವನೇ ಹಲಗೆ ಎತ್ತುತ್ತಿದ್ದ ಗೂಳಿಯನ್ನು ಹಿಡಿದೆ. ಆಮೇಲೆ ಅವನು ನನ್ನನ್ನು ಹಿಡಿದ.

ಬೂಟು ಮತ್ತೆ ಮೇಲೆದ್ದಿತು.

ನಾನೇ ಕೈ ಬಿಟ್ಟೆ!

ನೀರು ಕಪಾಳಕ್ಕೆ ಬಾರಿಸಿತು. ಮೂಗು, ಬಾಯಿ, ಕಿವಿ, ಎಲ್ಲ ನೀರು. ಯಾವುದೋ ಬಂಡೆ ಕೈಗೆ ಸಿಕ್ಕಿತು. ಕಿತ್ತ ಹಲಗೆಗಳು ನನ್ನನ್ನು ಸವರಿಕೊಂಡು ಕೊಚ್ಚಿಹೋದವು.

ಮೇಲೆ ಜೀಪು ಸ್ಟಾರ್ಟ್ ಆಯಿತು. ಜೀಪಿನೊಳಗೆ ನಾಯಿಗಳ ಬೊಗಳಾಟ... ಬೀದಿನಾಯಿಗಳು ಬರಲಿ ಎಂದು ಕಾಯುವ ತಾಳ್ಮೆ ಕಂಟ್ರಾಕ್ಟರ್‌ಗೆ ಇರಲಿಲ್ಲ. ಬೇಟೆನಾಯಿಗಳನ್ನು ಅವನೇ ತಂದಿದ್ದ!

ತೆವಳಿಕೊಂಡು ದಡ ಹತ್ತಿದೆ. ಕೊಕ್ಕೆಯ ಕೋಲು ಹಿಡಿದು ಅಕ್ಕ ಓಡಿ ಬರುತ್ತಿದ್ದಳು. ಅವಳ ಹಿಂದೆ ದಟ್ಟ ಹೊಗೆ.

"ಶೆಡ್‌ಗೆ ಬೆಂಕಿ ಇಟ್ಟಿದಾರೆ ಕಣೋ!"

"ಸ್ಪೇರ್ ಹಲಗೆಗಳು?"

"ಹಲಗೆನ ಶೆಡ್‌ನಲ್ಲಿ ಇಡ್ತಾರೇನೋ ಯಾರಾದ್ರೂ?"

"ಮತ್ತೆಲ್ಲಿ ಇಡ್ತಾರೆ?"

"ನೀರಲ್ಲಿ! ಒಣ ಹಲಗೆ ತೇಲುತ್ತೆ, ಸೋರುತ್ತೆ. ನೆನೆದು ಉಬ್ಬಿದ್ರೇನೇ ಅಲ್ಲಾಡದೆ ಕೂರೋದು. ಅಲ್ಲಿ ಸುಟ್ಟಿದ್ದು ನಿಮ್ಮ ಭಾವನ ಮುರುಕು ಮಂಚ. ಪೀಡೆ ತೊಲಗ್ತು!"

ದಡದಂಚಿನ ನೀರಿಗೆ ಇಳಿದಳು. ಕಲ್ಲು ಹೇರಿ ಮುಳುಗಿಸಿದ್ದ ಹಲಗೆಗಳನ್ನು ಎಳೆದೆವು. ಒಂದೊಂದೂ ಹೆಣಭಾರ.

ಸೇತುವೆಯ ಮೇಲೆ ಗೂಳಿ ಕಾವಲಿದ್ದ. ಕೈಯಲ್ಲಿ ಕಬ್ಬಿಣದ ರಾಡು.

"ಅಕ್ಕೋ, ವಾಪಸ್ ಹೋಗು. ಹೆಂಗಸ್ರ ಮೇಲೆ ಕೈ ಮಾಡಲ್ಲ ನಾನು."

"ನಾನು ಗಂಡಸ್ರ ಮೇಲೆ ಮಾಡ್ತೀನಿ," ಎಂದಳು ಅಕ್ಕ. ನಡಿಗೆ ನಿಲ್ಲಲಿಲ್ಲ.

ಗೂಳಿ ರಾಡು ಬೀಸಿದ. ಅಕ್ಕ ಬಗ್ಗಿದಳು. ಕೊಕ್ಕೆ ಅವನ ಪಾದಕ್ಕೆ ಸಿಕ್ಕಿತು. ಅವಳು ಎಳೆದಳು, ನಾನು ತಳ್ಳಿದೆ...

ಧಡೂತಿ ದೇಹ ನೀರಿಗೆ ಬಿತ್ತು!

"ಈಜು ಬರುತ್ತೇನೋ?" ಎಂದು ಅಕ್ಕ ಬಗ್ಗಿ ಕೇಳಿದಳು.

"ಇಲ್ಲಾ!"

"ಹಾಗಾದ್ರೆ ಆ ಬಂಡೆ ಹಿಡ್ಕೊ. ಪೊಲೀಸ್ ಬರೋವರೆಗೂ ಬಿಡ್ಬೇಡ!"

ಹಲಗೆಗಳನ್ನು ಒಂದೊಂದಾಗಿ ಇಳಿಸಿದೆವು. ಅಕ್ಕ ಮೇಲೆ ಹತ್ತಿ ನಿಂತು ಕಾಲಿನಿಂದ ಜಡಿದಳು. ಭೋರ್ಗರೆತ ಇಳಿಯಿತು. ಕೊನೆಗೆ ಒಂದು ತೊಟ್ಟೂ ಸೋರಲಿಲ್ಲ.

ಆ ಮೌನದಲ್ಲಿ ಜೀಪಿನ ಸದ್ದು ಕೇಳಿತು.

ದ್ವೀಪಕ್ಕೂ ದಡಕ್ಕೂ ನಡುವೆ ನೆಲ ತಲೆ ಎತ್ತಿತ್ತು. ನೋಡಲು ಗಟ್ಟಿ ನೆಲದಂತೆಯೇ ಇತ್ತು. ಕಂಟ್ರಾಕ್ಟರ್ ಅದರ ಮೇಲೆಯೇ ಜೀಪು ನುಗ್ಗಿಸಿದ್ದ! ಹಕ್ಕಿಗಳು ಕಿರುಚುತ್ತಾ ಮೇಲೆದ್ದವು. ಗೂಡುಗಳಲ್ಲಿ ಮರಿಗಳ ಚೀರಾಟ. ನಾನು ಆ ಕಡೆ ಓಡಲು ಹೊರಟೆ.

ಅಕ್ಕ ಕಾಲರ್ ಹಿಡಿದಳು. "ನಿಲ್ಲೋ!"

"ಅವ್ನು ಹೋಗ್ಬಿಡ್ತಾನಲ್ಲೇ!"

"ಅದು ನೆಲ ಅಲ್ಲ ಕಣೋ... ಹೂಳು."

ಜೀಪಿನ ಮೂಗು ತಗ್ಗಿತು. ಚಕ್ರಗಳು ಗಿರಗಿರನೆ ತಿರುಗಿ ಕೆಸರು ಎರಚಿದವು. ಎಕ್ಸಲರೇಟರ್ ಒತ್ತಿದಷ್ಟೂ ಕೆಳಗೆ. ಬಾಗಿಲಿನ ಮಟ್ಟದವರೆಗೆ ಹೂತು ನಿಂತಿತು. ಬೇಟೆನಾಯಿಗಳು ಕೆಸರನ್ನು ಮೂಸಿ ನೋಡಿದವು. ಆಮೇಲೆ ತೆಪ್ಪಗೆ ಜೀಪಿನ ಮೇಲೆ ಹತ್ತಿ ಕೂತವು. ಅವುಗಳ ಪಕ್ಕಕ್ಕೆ ಕಂಟ್ರಾಕ್ಟರೂ ಹತ್ತಿದ.

"ಹಗ್ಗ ಎಸೀರೀ! ನಾನ್ಯಾರು ಗೊತ್ತಾ?"

"ಗೊತ್ತು. ಅದಕ್ಕೇ ಎಸೀತಿಲ್ಲ!" ಎಂದು ಅಕ್ಕ ಕೂಗಿದಳು.

ಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮೊದಲು ಒಂದು ಇಳಿಯಿತು. ಆಮೇಲೆ ಗುಂಪುಗುಂಪಾಗಿ ಇಳಿದವು. ಅಕ್ಕನ ಕಣ್ಣು ತುಂಬಿತ್ತು. ನಾನು ನೋಡಿದೆನೆಂದು ಗೊತ್ತಾದಾಗ ತಲೆಗೊಂದು ಮೊಟಕಿದಳು.

ಮಧ್ಯಾಹ್ನ ಇನ್‌ಸ್ಪೆಕ್ಷನ್ ತಂಡ ಬಂತು. ಅಷ್ಟರಲ್ಲಿ ಪೊಲೀಸರು ಗೂಳಿಯನ್ನು ಒಯ್ದಿದ್ದರು. ಮೇಲಿನ ಹಳ್ಳದ ನೀರು ತುಂಬಿಕೊಂಡು ಕೆಸರು ಕಣ್ಮರೆಯಾಗಿತ್ತು. ಜೀಪಿನದು ಟಾಪು ಮಾತ್ರ ಕಾಣುತ್ತಿತ್ತು. ಅದನ್ನು ತಲುಪಲು ಪೊಲೀಸರು ದೋಣಿಗೆ ಹೇಳಿ ಕಳಿಸಿದ್ದರು. ಅಕ್ಕ ಮಾತ್ರ ದೋಣಿಗೆ ಏನೂ ಅವಸರವಿಲ್ಲ ಎಂದಿದ್ದಳು.

ಆಫೀಸರಮ್ಮ ಬೈನಾಕ್ಯುಲರ್ ಹಿಡಿದು ದ್ವೀಪ ನೋಡಿದರು. "ಎಷ್ಟೊಂದು ಗೂಡುಗಳು! ಈ ಜಾಗ ಬಿಟ್ಟುಕೊಡೋ ಮಾತೇ ಇಲ್ಲ." ಬೈನಾಕ್ಯುಲರ್ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿತು. "ಅದೇನ್ರೀ ಅಲ್ಲಿ ಮುಳುಗಿರೋದು?"

ಅಕ್ಕ ರೆಪ್ಪೆ ಮಿಟುಕಿಸಲಿಲ್ಲ. "ಮೀನುಗಳು ಅಡಗೋಕೆ ಅಂತ ಪ್ರತಿ ವರ್ಷ ಮರದ ಬೊಡ್ಡೆ ಮುಳುಗಿಸ್ತೀವಿ ಮೇಡಂ. ಈ ಸಲ ಜೀಪು ಸಿಕ್ತು."

"ಮೇಲೆ ಯಾರೋ ಕೂತಿದಾರಲ್ಲ?"

ನಾನು ಗಂಟಲು ಸರಿಪಡಿಸಿಕೊಂಡೆ.

"ಜೀಪಿನ ಜೊತೆ ಫ್ರೀ, ಮೇಡಂ!"