ಕಣ್ಣಿಗೊತ್ತಿಕೊಂಡ ಕೈ

ಬಿಳಿ ಯೂಟ್, ಅಂದರೆ ಪಿಕಪ್ ಗಾಡಿ, ಅಡ್ಡ ಬಂದು ನಿಂತಿತು.

ಪರ್ತ್‌ನ ಕ್ಯಾನಿಂಗ್ಟನ್ ಶಾಪಿಂಗ್ ಸೆಂಟರಿನ ಪಾರ್ಕಿಂಗ್. ನನ್ನ ಕಾರಿನ ಹಿಂದೆ ಗೋಡೆ, ಮುಂದೆ ಯೂಟ್, ಬಲಕ್ಕೆ ಟ್ರಾಲಿಗಳ ಸಾಲು.

ನಟರಾಜ್ ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್. ಇಲ್ಲಿನ ಕನ್ನಡದವರಿಗೆಲ್ಲ ಹಿರಿಯರಾದ ರಮಾಕಾಂತ್ ಅಂಕಲ್‌ನ ವೆಲ್ಷ್‌ಪೂಲ್ ಗೋಡೌನ್ ನೋಡಿಕೊಳ್ಳುವವನು. ಯುಗಾದಿ ಊಟದಲ್ಲಿ ನನ್ನ ಎಲೆಗೆ ಬೇಡವೆಂದರೂ ಹೋಳಿಗೆ ಹಾಕಿದವನು.

"ಫೋನ್ ಕೊಡು ಮಧುರಾ. ಅಂಕಲ್ ಕೇಳ್ತಿದಾರೆ."

"ಅಂಕಲ್‌ಗೆ ಬಾಯಿಲ್ವಾ?"

"ತಮಾಷೆ ಬೇಡ. ಗ್ಲಾಸ್ ಒಡೀಬೇಕಾಗತ್ತೆ."

ಒಡೆದೇಬಿಟ್ಟ! ಪಕ್ಕದ ಸೀಟಿನ ತುಂಬ ಗಾಜಿನ ಚೂರು. ಒಳಗೆ ಬಂದ ಅವನ ಕೈ ಫೋನಿಗೆ ತಡಕಾಡಿತು.

ನಾನು ಬಲಕ್ಕೆ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ತುಳಿದೆ. ಅವನ ಕೈ ತಾನಾಗಿಯೇ ಹೊರಗೆ ಹೋಯಿತು. ಟ್ರಾಲಿಗಳು ದಡಬಡ ಉರುಳಿದವು. ಒಂದನ್ನು ಬಂಪರಿನಲ್ಲಿ ಸಿಕ್ಕಿಸಿಕೊಂಡೇ ರೋಡಿಗೆ ಬಿದ್ದೆ.

ಸಿಟ್ಟು ನಟರಾಜನ ಮೇಲಲ್ಲ. ನನ್ನ ಮೇಲೆ.

ಕೇಳಿ. ನನ್ನ ಕೆಲಸ ಪತ್ತೇದಾರಿ. ಪರ್ತ್‌ನಲ್ಲಿ ಲೈಸೆನ್ಸ್ ಇದೆ. ಬೆನ್ನು ನೋವೆಂದು ಇನ್ಶೂರೆನ್ಸ್ ಕೇಳಿ ಬೀಚಿನಲ್ಲಿ ಸರ್ಫಿಂಗ್ ಮಾಡುವವರನ್ನು ಹಿಡಿದುಕೊಡುವುದೇ ಹೆಚ್ಚು. ಆ ಬೆಳಿಗ್ಗೆ ರಮಾಕಾಂತ್ ಅಂಕಲ್ ಕರೆದು ಬೇರೆ ಕೆಲಸ ಕೊಟ್ಟಿದ್ದರು. ಅವರು ಒಂದು ದೊಡ್ಡ ಪ್ರೈವೇಟ್ ಸ್ಕೂಲಿನ ಬೋರ್ಡಿನಲ್ಲಿದ್ದಾರೆ. ಹುಡುಗ ಹುಡುಗಿಯರು ಒಟ್ಟಿಗೆ ಓದುವ, ಸಂಜೆ ಅಪ್ಪಂದಿರ ದೊಡ್ಡ ಕಾರುಗಳಲ್ಲಿ ಮನೆಗೆ ಹೋಗುವ ಸ್ಕೂಲು. ಯಾರೋ ಅಲ್ಲಿನ ಲೈಬ್ರರಿಯನ್ನು ಧ್ವಂಸ ಮಾಡಿದ್ದರು. ಅಯೆನ್ ಎಂಬ ಹುಡುಗಿಯ ಮೇಲೆ ಹೊರಿಸಿದ್ದರು. ಸೂಡಾನಿನಿಂದ ಬಂದ ಮನೆಯವಳು, ಸ್ಕಾಲರ್‌ಶಿಪ್‌ನಲ್ಲಿ ಓದುವವಳು. ಆ ವಾರವೇ ಸ್ಕೂಲ್ ಕ್ಯಾಪ್ಟನ್ ಆಗಿ ಆರಿಸಿಬಂದಿದ್ದಳು.

ನಾನು ಅವಳ ತಾಯಿಗೆ ಸಿಸಿಟಿವಿ ವಿಡಿಯೋ ತೋರಿಸಬೇಕು. ಮಗಳನ್ನು ಸದ್ದಿಲ್ಲದೆ ಸ್ಕೂಲಿನಿಂದ ಬಿಡಿಸಿಕೊಂಡು ಹೋಗಲು ಒಪ್ಪಿಸಬೇಕು. ಒಪ್ಪದಿದ್ದರೆ ಅದೇ ಮಧ್ಯಾಹ್ನ ಬೋರ್ಡು ಅವಳನ್ನು ಹೊರಹಾಕಿ ಪೊಲೀಸರಿಗೆ ಕೊಡುತ್ತದೆ.

ಕ್ಯಾನಿಂಗ್ಟನ್ನಿನ ಕೆಫೆಯಲ್ಲಿ ಆ ತಾಯಿಯ ಮುಂದೆ ನನ್ನ ಫೋನಿನಲ್ಲಿ ವಿಡಿಯೋ ಹಾಕಿದೆ. ಹುಡ್ ಎಳೆದುಕೊಂಡ ಎತ್ತರದ ಆಕೃತಿ. ಮುಖವಿಲ್ಲ. ಶೆಲ್ಫ್ ಉರುಳಿಸುತ್ತದೆ, ಕಂಪ್ಯೂಟರ್ ಒಡೆಯುತ್ತದೆ. ಹಿಂದೆ ಸರಿಯುವಾಗ ಕಾಲು ಒಂದು ಪುಸ್ತಕದ ಮೇಲೆ ಬೀಳುತ್ತದೆ.

ನಿಲ್ಲುತ್ತದೆ. ಬಗ್ಗುತ್ತದೆ. ಪುಸ್ತಕ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಕಂಪ್ಯೂಟರ್ ಒಡೆಯುತ್ತದೆ!

ಪ್ರಿನ್ಸಿಪಾಲರು ಅದನ್ನು ಪಶ್ಚಾತ್ತಾಪದ ಕಣ್ಣೀರು ಎಂದುಕೊಂಡಿದ್ದರಂತೆ. ನನ್ನ ಅಜ್ಜಿ ಕತೆ ಹೇಳುವಾಗ ನನ್ನ ಕಾಲು ಪುಸ್ತಕಕ್ಕೆ ತಾಗಿದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ರಾಕ್ಷಸ ಬಾಯಿ ತೆರೆದುಕೊಂಡೇ ಕಾಯಬೇಕಿತ್ತು, ನಾನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೆಗೆ.

ಆ ಸ್ಕೂಲಿನಲ್ಲಿ ಹಾಗೆ ಬೆಳೆದಿರಬಹುದಾದ, ಅಷ್ಟೆತ್ತರದ ಹುಡುಗ ಒಬ್ಬನೇ. ಉತ್ತಮ್. ಕ್ಯಾಪ್ಟನ್ ಚುನಾವಣೆಯಲ್ಲಿ ಅಯೆನ್‌ಗೆ ಸೋತವನು. ಅವಳನ್ನು ಲೈಬ್ರರಿಯ ಹತ್ತಿರ ನೋಡಿದೆ ಎಂದು ಸಾಕ್ಷಿ ಹೇಳಿದವನು.

ರಮಾಕಾಂತ್ ಅಂಕಲ್‌ನ ಮಗ.

ಆಗ ನಾನೇನು ಮಾಡಿದೆ ಗೊತ್ತೆ? ಹಿರಿಯರು, ಮೊದಲು ಅವರಿಗೆ ಹೇಳಬೇಕು ಎಂದು ಫೋನ್ ಮಾಡಿದೆ. ಅಂಕಲ್ ತುಂಬ ಮೃದುವಾಗಿ, ಎಲ್ಲಿದ್ದೀಯಮ್ಮ ಎಂದು ಕೇಳಿದರು. ಹೇಳಿದೆ!

ಸ್ಕೂಲಿನ ಗೇಟು ಬರುವ ಹೊತ್ತಿಗೆ ಯೂಟ್ ನನ್ನ ಬೆನ್ನಿಗೇ ಇತ್ತು. ಕಾರನ್ನು ಹುಲ್ಲಿನ ಮೇಲೆ ಬಿಟ್ಟು ಓಡಿದೆ. ದಾರಿಯಲ್ಲಿ ಲೈಬ್ರರಿಯ ಬಾಗಿಲಲ್ಲಿ ರಾಶಿ ಬಿದ್ದಿದ್ದ ಪುಸ್ತಕಗಳಲ್ಲಿ ಒಂದನ್ನು ಎತ್ತಿಕೊಂಡೆ.

ಮೀಟಿಂಗ್ ರೂಮಿನಲ್ಲಿ ಬೋರ್ಡಿನವರೆಲ್ಲ ಕೂತಿದ್ದರು. ಗೋಡೆಯ ಪರದೆಯಲ್ಲಿ ಅದೇ ವಿಡಿಯೋ. ಮೂಲೆಯಲ್ಲಿ ಅಯೆನ್, ಒಬ್ಬಳೇ, ಬ್ಲೇಜರಿನ ಗುಂಡಿಯನ್ನು ತಿರುವುತ್ತಾ. ಉತ್ತಮ್ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದ. ಎಷ್ಟು ಸೊಗಸಾದ ಇಂಗ್ಲಿಷ್!

"ಮಧುರಾ, ಹೊರಗೆ ಇರಮ್ಮ," ಅಂಕಲ್ ಕನ್ನಡದಲ್ಲಿ ಹೇಳಿದರು. ಮುಖದಲ್ಲಿ ನಗು. "ನಮ್ಮೋರ ಮರ್ಯಾದೆ ವಿಷ್ಯ."

"ಅವಳ ಮರ್ಯಾದೆ ಯಾರ ವಿಷ್ಯ ಅಂಕಲ್?"

ಉತ್ತಮ್ ಕಡೆ ನಡೆದೆ. ಅವನು ಹೆದರಿ ಒಂದು ಹೆಜ್ಜೆ ಹಿಂದಿಟ್ಟ. ಆ ಹೆಜ್ಜೆಯ ಕೆಳಗೆ ಪುಸ್ತಕ ಜಾರಿಸಿದೆ.

ಶೂ ಅದರ ಮೇಲೆ ಬಿತ್ತು.

ಅವನು ಯೋಚಿಸಲಿಲ್ಲ. ಕೈ ತಾನೇ ಕೆಳಗೆ ಹೋಯಿತು. ಪುಸ್ತಕ ಮುಟ್ಟಿತು, ಕಣ್ಣಿಗೆ ಬಂತು.

ಅಲ್ಲೇ ನಿಂತಿತು.

ಅವನ ಹಿಂದೆ ಪರದೆಯ ಮೇಲೆ ಹುಡ್ ಹಾಕಿದ ಆಕೃತಿ ಅದನ್ನೇ ಮಾಡುತ್ತಿತ್ತು. ಅದೇ ಬಾಗು, ಅದೇ ಕೈ. ಪ್ರಿನ್ಸಿಪಾಲರು ಪರದೆ ನೋಡಿದರು, ಹುಡುಗನನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಉತ್ತಮ್, ಬಾಯಿ ಬಿಡ್ಬೇಡ," ಎಂದರು ಅಂಕಲ್.

ಅವನು ಅಪ್ಪನ ಕಡೆ ನೋಡಲೇ ಇಲ್ಲ. ಅಯೆನ್ ಕಡೆ ನೋಡಿದ.

"ಇಟ್ ವಾಸ್ ಮೀ."

ಅಯೆನ್ ಗುಂಡಿ ತಿರುವುವುದನ್ನು ನಿಲ್ಲಿಸಿದಳು.

ಅಂಕಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ನನ್ನ ಹತ್ತಿರ ಬಂದು, ಪರ್ತ್‌ನ ಯಾವ ಕನ್ನಡದವರ ಮನೆಯಲ್ಲೂ ಇನ್ನು ನನಗೆ ಎಲೆ ಹಾಕುವುದಿಲ್ಲ ಎಂದು ಪಿಸುಗುಟ್ಟಿದರು. ಆಮೇಲೆ ಆ ಪುಸ್ತಕವನ್ನು ತುಳಿದುಕೊಂಡೇ ಬಾಗಿಲು ದಾಟಿದರು.

ನಿಲ್ಲಲಿಲ್ಲ. ಬಗ್ಗಲಿಲ್ಲ.

ಹುಡುಗನಿಗೂ ಕತೆ ಹೇಳಿದ್ದು ಅಜ್ಜಿಯೇ ಇರಬೇಕು.