ಹತ್ತನೇ ಕಲ್ಲಿನ ಗೆರೆ

ಹನ್ನೊಂದನೇ ತಾರೀಕು, ಸೋಮವಾರ ಬೆಳಗ್ಗೆ 9.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ದೂರುದಾರರು ಕಣ್ಣಿನ ಡಾಕ್ಟರು. ಕಪ್ಪು ಕನ್ನಡಕ ಹಾಕಿದ್ದರು, ಸಹಾಯಕನ ತೋಳು ಹಿಡಿದಿದ್ದರು. ಅಷ್ಟಾದರೂ ಎರಡನೇ ಮೆಟ್ಟಿಲಿನಲ್ಲಿ ಎಡವಿದರು. ದೂರು ಬರೆಸಿ ಮುಗಿಸಿದ ಮೇಲೆ ಸಹಿಯನ್ನು ಕಾಗದದ ಮೇಲೆ ಶುರುಮಾಡಿ ಮೇಜಿನ ಗಾಜಿನ ಮೇಲೆ ಮುಗಿಸಿದರು. ದಫೇದಾರ್ ನಗು ತಡೆಯಲಾರದೆ ಕೆಮ್ಮಿದ.

ದೂರಿನ ಸಾರಾಂಶ ಇಷ್ಟು. ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟಲ, ಅಂದರೆ ಕಣ್ಣಿನೊಳಗಿನ ಪರದೆ, ನೀರು ತುಂಬಿ ಊದಿಕೊಂಡು ಹಾಳಾಗುತ್ತದೆ. ಅದಕ್ಕೊಂದು ಹೊಸ ಇಂಜೆಕ್ಷನ್ ಬಂದಿದೆ. ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಡಾಕ್ಟರು ತಮ್ಮ ಆಸ್ಪತ್ರೆಯಲ್ಲಿ ನಲವತ್ತೆರಡು ರೋಗಿಗಳ ಮೇಲೆ ಎರಡು ವರ್ಷದಿಂದ ಸಂಶೋಧನೆ ನಡೆಸುತ್ತಿದ್ದಾರೆ. ಶನಿವಾರ ದೊಡ್ಡ ವೈದ್ಯರ ಸಭೆಯಲ್ಲಿ ಅದರ ಫಲಿತಾಂಶ ಓದಬೇಕಿತ್ತು. ಬೆಳಗ್ಗೆ ಎಂದಿನಂತೆ ಕಣ್ಣು ಒಣಗದಿರಲು ಹಾಕಿಕೊಳ್ಳುವ ಹನಿ ಹಾಕಿಕೊಂಡಿದ್ದಾರೆ. ವೇದಿಕೆ ಹತ್ತಿದರೆ ಕೈಯಲ್ಲಿದ್ದ ಕಾಗದದ ಒಂದಕ್ಷರವೂ ಕಾಣಲಿಲ್ಲ, ದೀಪಗಳೆಲ್ಲ ಕಣ್ಣಿಗೆ ಚುಚ್ಚಿದವು. ಐನೂರು ಜನರ ಮುಂದೆ ಹತ್ತು ನಿಮಿಷ ತಡವರಿಸಿ ಇಳಿದುಬಂದಿದ್ದಾರೆ.

"ಬಾಟ್ಲಿಯಲ್ಲಿ ಇದ್ದಿದ್ದು ನನ್ನ ಹನಿ ಅಲ್ಲ. ಪಾಪೆ ಹಿಗ್ಗಿಸೋ ಹನಿ," ಎಂದರು ಡಾಕ್ಟರು. "ಹತ್ತು ಹನ್ನೆರಡು ದಿನ ಹೀಗೇ ಇರುತ್ತೆ."

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದ.

"ನಮ್ಮ ಕಿರಿಯ ಡಾಕ್ಟರ ಮೇಲೆ. ಪ್ರಬಂಧದಿಂದ ಅವನ ಹೆಸರು ತೆಗೆದಿದ್ದೆ. ತಿಂಗಳ ಕೊನೆಗೆ ನನ್ನ ವರದಿ ಹೋಗ್ಬೇಕು. ಹೋದ್ರೆ ಈ ಇಂಜೆಕ್ಷನ್ ಸಾವಿರಾರು ಜನಕ್ಕೆ ಸಿಗುತ್ತೆ. ಅದನ್ನ ನಿಲ್ಲಿಸೋಕೇ ಈ ಕೆಲಸ ಮಾಡಿದಾನೆ. ಬಿಡಬೇಡಿ ಅವನನ್ನ."

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಔಷಧಿ ಹಾಕಿ ದೇಹಕ್ಕೆ ತೊಂದರೆ ಕೊಟ್ಟ ಅಪರಾಧ, ಆರೋಪಿ ಅಪರಿಚಿತ. ಹನಿಯ ಬಾಟಲಿಯನ್ನು ಜಪ್ತಿ ಮಾಡುವ ಮುಂಚೆ ಇನ್ಸ್‌ಪೆಕ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನಿಗೂ ನಲವತ್ತೈದು ದಾಟಿತ್ತು, ಚಾಳೀಸು ಬಂದಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಕೈ ಉದ್ದ ಮಾಡಿ ನೋಡುತ್ತಿದ್ದ. ಹನಿ ಬೀಳುವ ಮೂತಿಯನ್ನು ಯಾರೋ ಚೂಪಾದದ್ದರಿಂದ ಮೀಟಿ ತೆಗೆದು ಮತ್ತೆ ಕೂರಿಸಿದ್ದರು. ಕುತ್ತಿಗೆಯ ಸುತ್ತ ಕಪ್ಪಗೆ ಅಂಟು ಮೆತ್ತಿಕೊಂಡಿತ್ತು.

ದಫೇದಾರ್ ಮೂಗು ಹತ್ತಿರ ತಂದ. "ಸೀಮೆಎಣ್ಣೆ ವಾಸನೆ ಸಾರ್. ಕಣ್ಣಿನ ಔಷಧಿಗೂ ಸೀಮೆಎಣ್ಣೆಗೂ ಎತ್ತಣ ಸಂಬಂಧ?"

ಬಾಟಲಿ ಮೊಹರಾಗಿ ಪ್ರಯೋಗಾಲಯಕ್ಕೆ ಹೋಯಿತು.

ಕಿರಿಯ ಡಾಕ್ಟರನ್ನು ಹುಡುಕಲು ಅರ್ಧ ದಿನ ಹೋಯಿತು. ಸಿಕ್ಕಾಗ ಅವನು ಬೇರೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಮೂರು ದಿನದ ಮಗಳನ್ನು ಎತ್ತಿಕೊಂಡು ನಿಂತಿದ್ದ. ಬುಧವಾರದಿಂದ ಅಲ್ಲೇ ಇದ್ದನೆಂದು ಅತ್ತೆ, ಮಾವ, ನರ್ಸು, ಕಾವಲುಗಾರ ಎಲ್ಲರೂ ಹೇಳಿದರು. ಡಾಕ್ಟರು ಹೊಸ ಬಾಟಲಿಯ ಸೀಲು ಒಡೆದಿದ್ದು ಶುಕ್ರವಾರ ಬೆಳಗ್ಗೆ. ಅದು ಅವರ ಬಿಳಿ ಕೋಟಿನ ಜೇಬು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಕೋಟು ಮಾತ್ರ ಮಧ್ಯಾಹ್ನ ಒಂದರಿಂದ ಎರಡರವರೆಗೆ, ಊಟದ ಹೊತ್ತಿನಲ್ಲಿ, ಅಕ್ಷರ ಓದಿಸುವ ಕೋಣೆಯ ಗೂಟದಲ್ಲಿ ನೇತಾಡುತ್ತಿತ್ತು.

ಹನ್ನೆರಡನೇ ತಾರೀಕು, ಮಂಗಳವಾರ. ಹನಿ ಹಾಕುವ ನರ್ಸಿನ ವಿಚಾರಣೆ.

"ಪಾಪೆ ಹಿಗ್ಗಿಸೋ ಹನಿ ಲೆಕ್ಕಕ್ಕೆ ಸರಿ ಇದೆಯಾ?"

"ಒಂದು ಕಮ್ಮಿ ಇದೆ ಸಾರ್. ಕೆಂಪು ಮುಚ್ಚಳದ್ದು."

"ಅದೇನು ಅಂತ ಯಾರ್ಯಾರಿಗೆ ಗೊತ್ತು?"

"ಇಡೀ ಆಸ್ಪತ್ರೆಗೇ ಗೊತ್ತು. ಕೆಂಪು ಮುಚ್ಚಳ ಮುಟ್ಟಬೇಡಿ, ಹತ್ತು ದಿನ ಕಣ್ಣು ಮಂಜಾಗುತ್ತೆ ಅಂತ ನಾನೇ ದಿನಾ ಹತ್ತು ಸಲ ಬಡ್ಕೋತೀನಿ."

ಮಧ್ಯಾಹ್ನ 3.10ಕ್ಕೆ ಅಕ್ಷರ ಓದಿಸುವ ಕೋಣೆಯ ಸ್ಥಳ ಪಂಚನಾಮೆ ಶುರುವಾಯಿತು. ಕಿಟಕಿಯಿಲ್ಲದ, ಉದ್ದನೆಯ ಕಿರುಕೋಣೆ. ಒಂದು ತುದಿಯಲ್ಲಿ ದೀಪ ಹೊತ್ತಿಸಿದ ಅಕ್ಷರದ ಫಲಕ, ಮೇಲಿನ ಸಾಲು ದಪ್ಪ, ಕೆಳಗಿಳಿದಂತೆ ಸಣ್ಣ. ಇನ್ನೊಂದು ಕಡೆ ರೋಗಿ ಕೂರುವ ಕುರ್ಚಿ. ಕುರ್ಚಿ ಎಲ್ಲಿರಬೇಕೆಂದು ತೋರಿಸಲು ನೆಲಕ್ಕೆ ಅಡ್ಡಲಾಗಿ ಕಪ್ಪು ಅಂಟುಪಟ್ಟಿಯ ಗೆರೆ. ಸಂಶೋಧನೆಯ ರೋಗಿಗಳು ತಿಂಗಳಿಗೊಮ್ಮೆ ಇಲ್ಲಿ ಕೂತು ಓದಬೇಕು, ಓದಿದ ಅಕ್ಷರಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಔಷಧಿ ಗೆದ್ದಿತೋ ಸೋತಿತೋ ಎನ್ನುವುದೆಲ್ಲ ಆ ಎಣಿಕೆಯ ಮೇಲೆ ನಿಂತಿದೆ.

ದಫೇದಾರನಿಗೆ ಅಳತೆಯ ಹುಚ್ಚು. ಹಿಂದೊಮ್ಮೆ ಕೋರ್ಟಿನಲ್ಲಿ ಬಾಗಿಲಿನ ಅಗಲ ಹೇಳಲಾಗದೆ ಉಗಿಸಿಕೊಂಡಿದ್ದ, ಅಂದಿನಿಂದ ಕಂಡಿದ್ದನ್ನೆಲ್ಲ ಅಳೆಯುತ್ತಾನೆ. ಗೂಟದಿಂದ ಬಾಗಿಲಿಗೆ, ಬಾಗಿಲಿನಿಂದ ಕುರ್ಚಿಗೆ ಅಳೆದು, ಕೊನೆಗೆ ಫಲಕದಿಂದ ಗೆರೆಗೆ ಟೇಪು ಎಳೆದ.

"ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್."

ಇನ್ಸ್‌ಪೆಕ್ಟರ್ ಗೋಡೆಯ ಮೇಲಿನ ನಿಯಮದ ಹಾಳೆಯನ್ನು ದೂರದಿಂದ ಓದಿದ. ಫಲಕದಿಂದ ರೋಗಿಗೆ ಇರಬೇಕಾದ ದೂರ, ನಾಲ್ಕು ಮೀಟರ್.

"ಸರಿಯಾಗಿ ಹಿಡಿಯಯ್ಯ."

"ಎರಡು ಸಲ ಹಿಡಿದೆ ಸಾರ್."

ಬಾಗಿಲ ಬಳಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ ಆಯಾ ಯಾರೂ ಕೇಳದೆ ಬಾಯಿ ಬಿಟ್ಟಳು. "ಎಂಟು ಕಲ್ಲು ಸಾರ್. ಒಂದೊಂದು ಕಲ್ಲೂ ನಲವತ್ತು ಸೆಂಟಿಮೀಟ್ರು." ಹೇಳಿ ಬಕೆಟ್ ಎತ್ತಿಕೊಂಡು ಹೊರಟುಹೋದಳು.

ಇನ್ಸ್‌ಪೆಕ್ಟರ್ ಮಂಡಿಯೂರಿ ಕಲ್ಲು ಎಣಿಸಿದ. ಗೆರೆ ಎಂಟನೇ ಕಲ್ಲಿನ ಅಂಚಿನಲ್ಲಿತ್ತು. ಹತ್ತನೇ ಕಲ್ಲಿನ ಅಂಚಿನಲ್ಲಿ, ಓರೆಯಾಗಿ ನೋಡಿದರೆ ಮಾತ್ರ ಕಾಣುವಂತೆ, ಹಳೆಯ ಅಂಟಿನ ಗುರುತಿತ್ತು. ಬೆರಳಿನಿಂದ ಉಜ್ಜಿ ಮೂಸಿದ. ಸೀಮೆಎಣ್ಣೆ. ಅಕ್ಷರ ಓದಿಸುವ ತಂತ್ರಜ್ಞ ಮೂಲೆಯಲ್ಲಿ ನಿಂತು ತಂಪು ಕೋಣೆಯಲ್ಲೂ ಬೆವರು ಒರೆಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಗೆರೆ ಸರಿಸಿದ್ದು ಯಾರು?"

"ನಾನೇ ಸಾರ್. ಡಾಕ್ಟ್ರು ಹೇಳಿದ್ರು."

"ಯಾವಾಗ?"

"ಮೊದಲನೇ ಸಲ ಎಲ್ಲರನ್ನೂ ಹತ್ತನೇ ಕಲ್ಲಿಂದಲೇ ಓದಿಸಿದ್ವಿ. ಎರಡನೇ ತಿಂಗಳಿಂದ ಎಂಟಕ್ಕೆ ತಂದ್ವಿ."

"ಎರಡು ಕಲ್ಲಿಗೆ ಏನು ವ್ಯತ್ಯಾಸ ಬರುತ್ತೆ?"

"ಒಂದು ಸಾಲು. ಐದಕ್ಷರ ಜಾಸ್ತಿ ಓದ್ತಾರೆ."

"ಹೊರಗಿನ ತಪಾಸಣೆಯವರು ಬಂದಾಗ?"

"ಹಿಂದಿನ ದಿನವೇ ಮತ್ತೆ ಹತ್ತಕ್ಕೆ. ಅವರು ಹೋದ ಮೇಲೆ ಎಂಟಕ್ಕೆ."

"ಐದಕ್ಷರಕ್ಕೆ ಇಷ್ಟೆಲ್ಲ ಯಾಕೆ?"

"ಹತ್ತಕ್ಷರ ಕಡಿಮೆ ಆದ್ರೆ ಹೊಸ ಇಂಜೆಕ್ಷನ್ ನಿಲ್ಲಿಸಿ, ಕೆಲಸ ಮಾಡುತ್ತೆ ಅಂತ ಗೊತ್ತಿರೋ ಹಳೇದನ್ನ ತಕ್ಷಣ ಕೊಡ್ಬೇಕು. ಅದು ನಿಯಮ. ಹಾಗೆ ಕೊಟ್ಟಷ್ಟೂ ಹೊಸದು ಸೋತ ಲೆಕ್ಕ. ಹದಿನಾಲ್ಕು ಹೋಗಿದ್ರೂ ನಮ್ಮ ಹಾಳೇಲಿ ಒಂಬತ್ತು ಅಂತ ಬರ್ತಿತ್ತು."

"ಹಾಗೆ ಬರೆಸಿಕೊಂಡೋರು ಎಷ್ಟು ಜನ?"

"ಏಳು. ಆರು ಜನಕ್ಕೆ ಇನ್ನೂ ಅಷ್ಟಿಷ್ಟು ಕಾಣುತ್ತೆ. ಒಬ್ರಿಗೆ ಪೂರ್ತಿ ಹೋಯ್ತು. ಇನ್ನೊಂದು ಕಣ್ಣು ಮೊದಲೇ ಹೋಗಿತ್ತು."

"ನೆಲದ ಅಂಟು ಕೆರೆಯೋದು ಯಾರು?"

"ಆಯಾ. ಸೀಮೆಎಣ್ಣೆ ಹಾಕಿ ಬ್ಲೇಡಲ್ಲಿ ಕೆರೀತಾರೆ."

ಕಣ್ಣು ಹೋದವನ ಕಡತ ತೆಗೆಸಿದರು. ವಯಸ್ಸು ಐವತ್ತಾರು, ವೃತ್ತಿ ಅಂಗಡಿಗಳಿಗೆ ಬೋರ್ಡ್ ಬರೆಯುವುದು. ತುರ್ತಿಗೆ ತಿಳಿಸಬೇಕಾದವರು, ಹೆಂಡತಿ. ಅವಳ ಕೆಲಸದ ವಿಳಾಸದ ಜಾಗದಲ್ಲಿ ಇದೇ ಆಸ್ಪತ್ರೆಯ ಸ್ವಚ್ಛತಾ ವಿಭಾಗ ಎಂದಿತ್ತು. ಕೈಯಲ್ಲಿ ದೀಪ ಹಿಡಿದುಕೊಂಡು ಊರೆಲ್ಲ ಬೆಂಕಿ ಹುಡುಕಿದಂತಾಯಿತು ಎಂದು ದಫೇದಾರ್ ಗೊಣಗಿದ. ಸಂಜೆ ಪ್ರಯೋಗಾಲಯದಿಂದ ಫೋನ್ ಬಂತು. ಬಾಟಲಿಯಲ್ಲಿದ್ದದ್ದು ಅಟ್ರೋಪಿನ್, ಅಂದರೆ ಅದೇ ಪಾಪೆ ಹಿಗ್ಗಿಸುವ ಹನಿ, ಕುತ್ತಿಗೆಗೆ ಮೆತ್ತಿದ್ದು ಅಂಟುಪಟ್ಟಿಯ ಗೋಂದು.

ಹದಿಮೂರನೇ ತಾರೀಕು, ಬುಧವಾರ. ಸಂಜೆ 4.50ಕ್ಕೆ ಇನ್ಸ್‌ಪೆಕ್ಟರ್, ದಫೇದಾರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಎರಡು ಕೋಣೆಯ ಆ ಮನೆ ತಲುಪಿದರು. ಗಂಡ ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಬೂಟಿನ ಸದ್ದು ಎಣಿಸಿ, "ಮೂರು ಜನ ಬಂದಿದೀರಿ, ಕೂತ್ಕೊಳ್ಳಿ, ಕುರ್ಚಿ ಮಾತ್ರ ಎರಡೇ," ಎಂದ. ಗೋಡೆಗೆ ಒರಗಿಸಿದ್ದ ಬೋರ್ಡಿನ ಮೇಲೆ 'ಇಲ್ಲಿ ಕೊಡೆ ರಿಪೇರಿ ಮಾಡಲಾಗುತ್ತದೆ' ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಅಕ್ಷರಗಳು ಮುದ್ದಾಗಿದ್ದವು, ಸಾಲು ಮಾತ್ರ ನಡುವೆ ಜೋತುಬಿದ್ದಿತ್ತು.

"ಇದನ್ನ ಯಾವಾಗ ಬರೆದಿದ್ದು?"

"ಹೋದ ವರ್ಷ. ಅಂಗಡಿಯವರು ವಾಪಸ್ ಕಳ್ಸಿದ್ರು. ಮೂವತ್ತು ವರ್ಷದಲ್ಲಿ ವಾಪಸ್ ಬಂದಿದ್ದು ಇದೊಂದೇ. ನೆಟ್ಟಗಿರೋ ಗೆರೆ ನನಗೆ ಡೊಂಕಾಗಿ ಕಾಣ್ತಿತ್ತು ಸಾರ್. ಅದು ನೆಟ್ಟಗೆ ಕಾಣೋವರೆಗೂ ತಿದ್ದಿದೆ."

"ಡಾಕ್ಟ್ರಿಗೆ ಹೇಳಲಿಲ್ವಾ?"

"ಹೇಳ್ದೆ. ನಿಮ್ಮ ಅಕ್ಷರದ ಲೆಕ್ಕ ಚೆನ್ನಾಗೇ ಇದೆ, ಸುಮ್ನೆ ಗಾಬರಿ ಬೀಳ್ಬೇಡಿ ಅಂದ್ರು."

5.20ಕ್ಕೆ ಹೆಂಡತಿ ಬಂದಳು. ಪೊಲೀಸರನ್ನು ನೋಡಿ ಚೀಲ ಇಳಿಸಿದಳು, ಕೈಕಾಲು ತೊಳೆದಳು, ಗಂಡನ ಕೈಗೆ ನೀರಿನ ಲೋಟ ಕೊಟ್ಟಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಮೂರು ದಿನ ತಗೊಂಡ್ರಿ."

"ಬಾಟ್ಲಿ ಬದಲಾಯಿಸಿದ್ದು ನೀವೇನಾ?"

"ಬಾಟ್ಲಿ ಅವರದೇ. ಒಳಗಿದ್ದಿದ್ದನ್ನ ಬದಲಾಯಿಸಿದ್ದು ನಾನು."

"ಬ್ಲೇಡ್?"

ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಬ್ಲೇಡು ತೆಗೆದು ಮೇಜಿನ ಮೇಲಿಟ್ಟಳು. ಗೋಂದು ಇನ್ನೂ ಅಂಟಿಕೊಂಡಿತ್ತು.

"ಏನೇ ಮಾಡ್ಕೊಂಡೆ?" ಗಂಡ ಲೋಟ ಕೆಳಗಿಟ್ಟ.

"ನೀವು ಸುಮ್ನಿರಿ. ನಿಮ್ಮ ತಂಗಿಗೆ ಹೇಳಿದೀನಿ, ಊಟ ತಗೊಂಡು ಬರ್ತಾಳೆ." ಮತ್ತೆ ಇನ್ಸ್‌ಪೆಕ್ಟರ್ ಕಡೆ ನೋಡಿದಳು. "ಆ ಡಾಕ್ಟ್ರ ಮಾತು ಕೇಳಿ ಆ ಗೆರೆ ಹನ್ನೊಂದು ಸಲ ಕೆರೆದಿದೀನಿ ಸಾರ್ ಈ ಕೈಯಲ್ಲಿ. ಅದು ಯಾತಕ್ಕೆ ಅಂತ ಗೊತ್ತಾಗೋ ಹೊತ್ತಿಗೆ ನಮ್ಮನೆಯವರಿಗೆ ನನ್ನ ಮುಖ ಕಾಣ್ತಿರಲಿಲ್ಲ. ಹತ್ತು ದಿನ ಅವನಿಗೆ ಇವರ ಕಣ್ಣು ಕೊಟ್ಟೆ. ಬರೀ ಹತ್ತು ದಿನ. ಅವನಿಗಾದ್ರೆ ವಾಪಸ್ ಬರುತ್ತೆ."

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?"

"ಇದೆ. ಬಾಟ್ಲಿ ತುಂಬ ಚಿಕ್ಕದಾಯ್ತು."

ಮಹಿಳಾ ಕಾನ್‌ಸ್ಟೆಬಲ್ ಮುಖ ಆಚೆ ತಿರುಗಿಸಿದಳು. ಇನ್ಸ್‌ಪೆಕ್ಟರ್‌ಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಇಷ್ಟೆಲ್ಲ ಗೊತ್ತಿದ್ದ ಮೇಲೆ ಠಾಣೆಗೆ ಬರಬಹುದಿತ್ತಲ್ಲಮ್ಮ?"

"ಬಂದಿದ್ದೆ." ಅವಳು ದಫೇದಾರನನ್ನು ನೋಡಿದಳು. "ಇವರೇ ಕೂತಿದ್ರು. ಆಸ್ಪತ್ರೆಯಲ್ಲಿ ಗೆರೆ ಸರಿಸ್ತಾರೆ, ಎಂಟನೇ ಕಲ್ಲು, ಹತ್ತನೇ ಕಲ್ಲು ಅಂತೆಲ್ಲ ಹೇಳ್ದೆ. ಕಲ್ಲು ಎಣ್ಸಿ ಆಯ್ತಲ್ಲ, ಇನ್ನು ಮನೆಗೆ ಹೋಗಿ ನಕ್ಷತ್ರ ಎಣ್ಸು ಅಂದ್ರು. ಎಲ್ರೂ ನಕ್ರು. ಆವತ್ತೇ ತಿಳೀತು, ನಾನು ಕರೆದ್ರೆ ನೀವು ಬರಲ್ಲ, ಅವನು ಕರೆದ್ರೆ ಓಡಿ ಬರ್ತೀರ. ಅದಕ್ಕೆ ಅವನೇ ಕರೆಯೋ ಹಾಗೆ ಮಾಡ್ದೆ. ಟೇಪು ನೀವೇ ತಂದ್ರಿ."

ದಫೇದಾರನ ಮುಖ ಸುಣ್ಣ ಬಳಿದಂತಾಯಿತು.

ಸೂರ್ಯ ಮುಳುಗುವ ಮುಂಚೆ, 5.50ಕ್ಕೆ, ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ದಸ್ತಗಿರಿ ಆಯಿತು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹಳೆಯ ದಿನಚರಿ ತಿರುವಿಹಾಕಿದ. ಏಳು ವಾರದ ಹಿಂದಿನ ಪುಟದಲ್ಲಿ ದಫೇದಾರನ ದುಂಡು ಅಕ್ಷರ ಸಿಕ್ಕಿತು: 'ಮಹಿಳೆಯೊಬ್ಬರು ನೆಲದ ಗೆರೆಯ ಬಗ್ಗೆ ದೂರಿದರು. ತಿಳಿಹೇಳಿ ಕಳುಹಿಸಲಾಯಿತು.'

"ನಾಳೆ ನಿನಗೆ ಮೆಮೊ ಬರುತ್ತೆ," ಎಂದ ಇನ್ಸ್‌ಪೆಕ್ಟರ್. "ಇವತ್ತು ಆಯಮ್ಮನ ದೂರು ಬರ್ಕೊ. ಪೂರ್ತಿ."

6.40ಕ್ಕೆ ಎರಡನೇ ಎಫ್‌ಐಆರ್ ದಾಖಲಾಯಿತು. ಫಿರ್ಯಾದಿ, ಮೊದಲ ಪ್ರಕರಣದ ಆರೋಪಿ. ಆರೋಪಿ, ಮೊದಲ ಪ್ರಕರಣದ ಫಿರ್ಯಾದಿ.

ಗುರುವಾರ ಬೆಳಗ್ಗೆ ಹತ್ತಕ್ಕೆ ಡಾಕ್ಟರು ಬಂದರು. ಕಳ್ಳಿ ಸಿಕ್ಕಿಬಿದ್ದ ಸಂತೋಷದಲ್ಲಿದ್ದರು. ಇನ್ಸ್‌ಪೆಕ್ಟರ್ ಎರಡನೇ ಎಫ್‌ಐಆರ್‌ನ ಪ್ರತಿಯನ್ನು ಮುಂದಿಟ್ಟ. ಡಾಕ್ಟರು ಕಪ್ಪು ಕನ್ನಡಕ ತೆಗೆದು ಕಾಗದವನ್ನು ಹತ್ತಿರ ತಂದರು, ದೂರ ಸರಿಸಿದರು, ಕೈ ಚಾಚುವಷ್ಟು ಚಾಚಿದರು. ಅಷ್ಟಗಲ ಹಿಗ್ಗಿದ ಪಾಪೆಗಳಲ್ಲಿ ಒಂದಕ್ಷರ ಇಳಿಯಲಿಲ್ಲ.

"ನಾನು ಹಿಡ್ಕೋತೀನಿ ಬಿಡಿ," ಎಂದ ಇನ್ಸ್‌ಪೆಕ್ಟರ್. "ಎಷ್ಟು ದೂರಕ್ಕೆ ಹಿಡೀಲಿ ಡಾಕ್ಟ್ರೇ? ನಾಲ್ಕು ಮೀಟರಿಗಾ, ಮೂರು ಇಪ್ಪತ್ತಕ್ಕಾ?"

ಕಾಗದ ಡಾಕ್ಟರ ಕೈಯಿಂದ ಜಾರಿ ಬಿತ್ತು. ಅವರ ದಸ್ತಗಿರಿಯ ಹೊತ್ತು 10.20.

ತಿಂಗಳ ಕೊನೆಗೆ ಹೋಗಬೇಕಿದ್ದ ವರದಿ ಕೋರ್ಟಿನ ಮೊಹರಿನೊಳಗೆ ಸೇರಿತು. ಆ ಮಧ್ಯಾಹ್ನವೇ ಹೊರಗಿನ ವೈದ್ಯರು ಬಂದು, ಹತ್ತನೇ ಕಲ್ಲಿನ ಮೇಲೆ ಕುರ್ಚಿ ಹಾಕಿಸಿ, ಉಳಿದ ಆರು ಜನರನ್ನು ಓದಿಸಿದರು. ನಾಲ್ವರಿಗೆ ಅಂದೇ ಹಳೆಯ ಇಂಜೆಕ್ಷನ್ ಬಿತ್ತು. ಇಬ್ಬರಿಗೆ ತಡವಾಗಿತ್ತು.

ದೋಷಾರೋಪ ಪಟ್ಟಿ ತಯಾರಿಸುವಾಗ ಇನ್ಸ್‌ಪೆಕ್ಟರ್ ಆಯಾಳ ಹೇಳಿಕೆಯನ್ನು ಮತ್ತೊಮ್ಮೆ ಓದಿದ. ಕಾರಣದ ಜಾಗದಲ್ಲಿ ಹಗೆ ಎಂದು ಬರೆದರೆ ಸಾಕಿತ್ತು. ಆದರೆ ಹೇಳಿಕೆಯ ಕೊನೆಗೆ, ಯಾರೂ ಕೇಳದ ಪ್ರಶ್ನೆಗೆ ಅವಳು ಕೊಟ್ಟ ಉತ್ತರವಿತ್ತು. ದಫೇದಾರ್ ಒಂದಕ್ಷರ ಬಿಡದೆ ಬರೆದುಕೊಂಡಿದ್ದ.

'ಬೋರ್ಡ್ ವಾಪಸ್ ಬಂದ ದಿನ ಇವರು ಕಣ್ಣು ಕಾಣ್ತಿಲ್ಲ ಕಣೇ ಅಂದ್ರು. ನಾನು ಆಸ್ಪತ್ರೆ ಹಾಳೆ ತೋರ್ಸಿ, ಇದರಲ್ಲಿ ಚೆನ್ನಾಗಿದೆ ಅಂತ ಬರೆದಿದೆ, ನಿಮಗೆ ಮೈಗಳ್ಳತನ ಅಂತ ಬೈದೆ. ಮಾರನೇ ದಿನದಿಂದ ಇವರು ಕಾಣ್ತಿಲ್ಲ ಅನ್ನೋದನ್ನೇ ಬಿಟ್ಟುಬಿಟ್ರು. ನಾಲ್ಕು ತಿಂಗಳು ನನ್ನ ಮುಂದೆ ಕಾಣೋರ ಹಾಗೆ ಓಡಾಡಿದ್ರು. ಡಾಕ್ಟ್ರ ಕಣ್ಣಿಗೆ ಹನಿ ಹಾಕಿದೀನಿ. ನನ್ನ ಬಾಯಿಗೆ ಏನು ಹಾಕ್ಲಿ ಸಾರ್?'

ಅದರ ಕೆಳಗೆ ಅವಳ ಸಹಿ ಇತ್ತು, ಗೆರೆಯ ಮೇಲೆ, ನೆಟ್ಟಗೆ.