ಚೌತಿಗೆ ಎರಡು ದಿನ ಮುಂಚೆ

ಚೌತಿಯ ದಿನ, ಪಂಚಕಜ್ಜಾಯದ ತಟ್ಟೆ ಕೈಯಲ್ಲಿ ಇರುವಾಗಲೇ ಕೊಗ್ಗನಿಗೆ ಅಣ್ಣನನ್ನು ಸಾಯಿಸುವ ಯೋಚನೆ ಬಂತು. ಕತ್ತಿಯಿಂದಲ್ಲ, ವಿಷದಿಂದಲ್ಲ. ಅಂಥ ಹೊಲಸು ಕೆಲಸ ತನ್ನಂಥವನಿಗೆ ಹೇಳಿಸಿದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಕಾಗದದಲ್ಲಿ ಸತ್ತರೆ ಸಾಕು.

ಮಸ್ಕತ್ತಿನ ಮತ್ರಾ ಬಂದರಿನ ಹಿಂದಿನ ಸಭಾಂಗಣದಲ್ಲಿ ಕರಾವಳಿಯವರು, ಮೈಸೂರು ಕಡೆಯವರು ಎಲ್ಲ ಸೇರಿ ಗಣಪತಿ ಕೂರಿಸಿದ್ದರು. ಆ ವರ್ಷ ಪೂಜೆಗೆ ಕೂರಬೇಕಿದ್ದವರು ವಿಕಾಸ್ ಮತ್ತು ಅವನ ಹೆಂಡತಿ. ಅವರಿಗೇನೋ ಅಡ್ಡಿ ಬಂದದ್ದರಿಂದ ಕೊನೆಗಳಿಗೆಯಲ್ಲಿ ಕೊಗ್ಗನೂ ಹೆಂಡತಿ ಸ್ವರ್ಣಲತಾಳೂ ಕೂತರು. ಭಟ್ಟರು ಸಂಕಲ್ಪದಲ್ಲಿ ತನ್ನ ಹೆಸರು ಹೇಳಿದಾಗ ಕೊಗ್ಗನ ಎದೆ ಉಬ್ಬಿತು. ಅಲ್ ಅಮೇರಾತಿನ ಟೈಪಿಂಗ್ ಸೆಂಟರಿನಲ್ಲಿ ಇಡೀ ದಿನ ಕಂಡವರ ವೀಸಾ ಕಾಗದ ತುಂಬಿಸುವವನನ್ನು ಇಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಮಂಗಳಾರತಿ ಮುಗಿದ ಮೇಲೆ ರತ್ನಪ್ರಭಾ ಎದ್ದು ನಿಂತರು. ಮೈಸೂರಿನ ಹೆಂಗಸು, ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತಿಯಾದವರು. ಕಮ್ಯುನಿಟಿ ಕಾಲೇಜಿನ ಬಡ ಮಕ್ಕಳಿಗೆಂದು ಹಳೆಯ ವ್ಯಾಪಾರಿಗಳು ಕೂಡಿಸಿಟ್ಟ ನೆರವಿನ ನಿಧಿ ಅವರ ಉಸ್ತುವಾರಿಯಲ್ಲಿತ್ತು. ಈ ಸಲ ಒಂದು ಹೊಸ ನಿಯಮ ಮಾಡಿದ್ದೇವೆ ಎಂದರು. ಕಾಲೇಜು ತೆರೆಯುವ ಮೊದಲು ಮನೆಯ ದುಡಿಯುವ ಕೈಯನ್ನು ಕಳೆದುಕೊಂಡ ಮಗುವಿಗೆ ಕೋರ್ಸ್ ಮುಗಿಯುವ ತನಕ ಪೂರ್ತಿ ಫೀಸು. ಮಗು ಮಾರ್ಕು, ಹಾಜರಿ ಉಳಿಸಿಕೊಳ್ಳಬೇಕು, ಟರ್ಮಿಗೊಮ್ಮೆ ಹಿರಿಯರು ಬಂದು ಮಾತಾಡಬೇಕು, ಅಷ್ಟೇ. ಹೇಳಿ ಕೆಳಗಿಳಿದವರು ನೇರ ಕೊಗ್ಗನ ಮುಂದೆ ಬಂದು ಕೈಯೊಡ್ಡಿದರು. ಪ್ರಸಾದ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, "ಬೆಲ್ಲ ಹದವಾಗಿದೆ ಕಣಪ್ಪ, ಇನ್ನೊಂಚೂರು ಕೊಡು," ಎಂದರು. ಕೊಗ್ಗ ಕೊಟ್ಟ. ಆದರೆ ಅವನ ತಲೆಯಲ್ಲಿ ಆಗಲೇ ಹೆಣ ಎದ್ದಿತ್ತು.

ಅಣ್ಣ ದೂಮಣ್ಣ ಒಮಾನಿನ ಉತ್ತರ ತುದಿಯ ಖಸಬಿನಲ್ಲಿದ್ದ. ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಹೆಂಡತಿ ಹೋಗಿ ಕಾಲವಾಗಿತ್ತು. ಒಬ್ಬಳೇ ಮಗಳು ಸಮೀಕ್ಷಾ, ಅದೇ ಕಾಲೇಜಿಗಾಗಿ ಚಿಕ್ಕಪ್ಪನ ಮನೆ ಸೇರಿದ್ದಳು. ದೂಮಣ್ಣ ತಿಂಗಳು ತಪ್ಪದೆ ಫೀಸಿನ ಹಣ ತಮ್ಮನಿಗೆ ಕಳಿಸುತ್ತಿದ್ದ. ಬಂದಾಗೆಲ್ಲ ಒಣಮೀನಿನ ಕಟ್ಟು ತರುತ್ತಿದ್ದ. ಆ ಕಟ್ಟಿನ ವಾಸನೆ ಕೊಗ್ಗನಿಗೆ ಆಗುತ್ತಿರಲಿಲ್ಲ. ಅಣ್ಣನ ಬೆರಳಿನ ಸಂದಿಯಲ್ಲಿ ಉಳಿದ ಮೀನಿನ ಹುರುಪೆ, ನಕ್ಕಾಗ ಕಾಣುವ ಕರಿ ಹಲ್ಲು, ಯಾರ ಮುಂದೆಯೂ ಕೈಮುಗಿದು ನಿಲ್ಲುವ ಆ ಭಂಗಿ ಯಾವುದೂ ಆಗುತ್ತಿರಲಿಲ್ಲ. ಹೋದ ವರ್ಷ ಹುಡುಗಿಗೆ ನೆರವು ಕೇಳಿ ಕೊಗ್ಗನೇ ಕಾಲೇಜಿಗೆ ಹೋಗಿದ್ದ. ಅಪ್ಪ ದುಡಿಯುತ್ತಾನಲ್ಲ ಎಂದು ವಾಪಸು ಕಳಿಸಿದ್ದರು. ಆ ಸಾಲಿನಲ್ಲಿ ಬೆವರಿದ ಫೈಲು ಎದೆಗವಚಿಕೊಂಡು ನಿಂತಿದ್ದ ಜನರ ನಡುವೆ ತಾನೂ ನಿಲ್ಲಬೇಕಾಯಿತಲ್ಲ ಎಂಬ ಹೇಸಿಗೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಬೇಡುವವರಿಗೆ ಸಿಗುವುದಿಲ್ಲ, ಸತ್ತವರಿಗೆ ಸಿಗುತ್ತದೆ. ಹಾಗಾದರೆ ಸಾಯಲಿ.

ಯೋಚನೆ ಅಷ್ಟಕ್ಕೇ ನಿಲ್ಲಲಿಲ್ಲ. ಫೀಸು ನಿಧಿಯಿಂದ ಬಂದರೆ ಅಣ್ಣ ಕಳಿಸುವುದು ತನ್ನದೇ. ಹುಡುಗಿಗೆ ಅನ್ನ ಹಾಕಿದ ಋಣ ಅಂದುಕೊಂಡರಾಯಿತು.

ಒಳ್ಳೆಯ ಬಡಗಿ ಮರ ಮುಟ್ಟಿ ನೋಡುವ ಹಾಗೆ ಅವನು ಒಂದೊಂದನ್ನೂ ಮುಟ್ಟಿ ನೋಡಿದ. ಅಣ್ಣ ಒಮಾನಿನಲ್ಲಿ ಸತ್ತರೆ ಪೊಲೀಸು, ಆಸ್ಪತ್ರೆ, ಎಂಬೆಸಿ ಎಂದು ನೂರು ಬಾಗಿಲು. ಊರಿನಲ್ಲಿ ಸತ್ತರೆ ಯಾರೂ ಕೇಳುವುದಿಲ್ಲ. ದೇವರು ಮೆಚ್ಚಿದ ಹಾಗೆ ದೂಮಣ್ಣ ಗುರುವಾರವಷ್ಟೇ ಚೌತಿಗೆಂದು ಊರಿಗೆ ಹೋಗಿದ್ದ. ಖಸಬಿನವರು ದುಬೈ ದಾರಿಯಲ್ಲೇ ಹೋಗಿ ಬರುವುದು, ಮಸ್ಕತ್ತಿನಲ್ಲಿ ಮುಖ ತೋರಿಸುವ ಪ್ರಮೇಯವೇ ಇಲ್ಲ. ಕಾಲೇಜು ತೆರೆದದ್ದು ಚೌತಿಯ ಹಿಂದಿನ ದಿನ, ಭಾನುವಾರ. ಅದರ ಮೊದಲು ಸತ್ತಿರಬೇಕು, ಊರು ಮುಟ್ಟಿದ ಮೇಲೆ ಸತ್ತಿರಬೇಕು. ಕೊಗ್ಗ ಶನಿವಾರ ಬೆಳಗ್ಗೆಯನ್ನು ಆರಿಸಿದ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಎದೆನೋವು, ಆಸ್ಪತ್ರೆಗೆ ಹೋಗುವ ಮೊದಲೇ ಮುಗಿಯಿತು. ಪ್ರಮಾಣಪತ್ರವನ್ನು ಸೆಂಟರಿನಲ್ಲಿ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಾನೇ ಮಾಡಿದ. ಇಷ್ಟು ವರ್ಷ ಮೊಹರು ನೋಡಿ ನೋಡಿ ಪಳಗಿದ ಕಣ್ಣು ಅವನದು.

ಸ್ವರ್ಣಲತಾಳಿಗೆ ಹೇಳಲಿಲ್ಲ. ಅವಳು ಏಕಾದಶಿ, ಸಂಕಷ್ಟಿ ಎಂದು ಕ್ಯಾಲೆಂಡರ್ ನೋಡಿಕೊಂಡೇ ಬದುಕುವವಳು. ಇಂಥ ಕೆಲಸದಲ್ಲಿ ಹೆಂಗಸರ ಬುದ್ಧಿ ಕೇಳಿದರೆ ಕೆಡುತ್ತದೆ ಎಂದು ಅವನ ನಂಬಿಕೆ.

ನೆರವಿನ ಕೌಂಟರಿನಲ್ಲಿ ಕೂರುವವಳು ಹೇಝಲ್, ಮಂಗಳೂರಿನ ಹೆಣ್ಣು. ಕೊಗ್ಗ ಎರಡು ದಿನ ಗಡ್ಡ ಬಿಟ್ಟು ಹೋದ. ಹುಡುಗಿಯ ಹತ್ತಿರ ಅಪ್ಪನ ಸುದ್ದಿ ಎತ್ತಬೇಡಿ, ಎತ್ತಿದರೆ ಬಿದ್ದುಬಿಡುತ್ತಾಳೆ, ಎಲ್ಲ ನನ್ನ ಹತ್ತಿರವೇ ಮಾತಾಡಿ ಎಂದು ಬೇಡಿಕೊಂಡ. ಹೇಝಲ್ ಶಿಲುಬೆಯ ಗುರುತು ಹಾಕಿಕೊಂಡಳು. "ಎಂಥ ಮಾಡುವುದು ಮಾರಾಯ್ರೆ, ತಾಯಿಯೂ ಇಲ್ಲ ಪಾಪ. ನೀವಾದರೂ ಉಂಟಲ್ಲ," ಎಂದಳು. ಸಮೀಕ್ಷಾ ಚಿಕ್ಕಪ್ಪ ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಟರ್ಮಿನ ಫೀಸು ಮನ್ನಾ ಆಯಿತು.

ಒಂದು ಸಂಜೆ ಹುಡುಗಿ ಊಟಕ್ಕೆ ಕೂತು ನಗುತ್ತ ಹೇಳಿದಳು, "ಚಿಕ್ಕಪ್ಪ, ಈಗ ಕಾಲೇಜಲ್ಲಿ ಎಲ್ಲರೂ ಸೋ ನೈಸ್. ಕ್ಯಾಂಟೀನಿನ ಹಕೀಂ ಭಾಯ್ ಚಾಯ್‌ಗೆ ಕಾಸೇ ತಗೊಳ್ಳೋದಿಲ್ಲ. ಮೇಡಂ ಒಬ್ಬರು ನನ್ನ ತಲೆ ಸವರಿ ಅತ್ತರು. ನಾನು ಎಂತ ಮಾಡಿದೆ?" ಕೊಗ್ಗ ಅನ್ನಕ್ಕೆ ಸಾರು ಕಲಸುತ್ತ, ಒಳ್ಳೆಯ ಮಕ್ಕಳನ್ನು ಎಲ್ಲರೂ ಪ್ರೀತಿಸುತ್ತಾರೆ ಎಂದ. ಅವಳಿಗೆ ಮೈಸುಡುವ ಜ್ವರ ಬಂದ ದಿನವೂ ಹಾಜರಿ ತಪ್ಪಬಾರದೆಂದು ಕಾರಿನಲ್ಲಿ ಕೂರಿಸಿಕೊಂಡು ಕಾಲೇಜಿನ ಗೇಟಿನಲ್ಲಿ ಇಳಿಸಿದ. ಅವಳು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಕೊಗ್ಗ ಮೂಗಿಗೆ ಕರವಸ್ತ್ರ ಹಿಡಿದು, ಗಾಜು ಏರಿಸಿಕೊಂಡು ಹೊರಟುಬಿಟ್ಟ. ನೆರವು ಪಡೆಯುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ ಎಂದುಕೊಂಡ.

ರಜೆ ಮುಗಿಸಿ ಖಸಬಿಗೆ ಮರಳಿದ ದೂಮಣ್ಣನ ದನಿ ವಾಟ್ಸಾಪಿನಲ್ಲಿ ಬರುತ್ತಿತ್ತು, ಹಿಂದೆ ದೋಣಿಗಳ ಗದ್ದಲ. "ತಮ್ಮಾ, ಫೀಸು ಮುಟ್ಟಿತಾ? ನನ್ನ ಉಸಿರು ಇರುವವರೆಗೆ ಅವಳ ಓದು ನಿಲ್ಲುವುದು ಬೇಡ ಆಯ್ತಾ?" ಕೊಗ್ಗ ಮುಟ್ಟಿತು ಎಂದು ಬರೆದು, ದನಿಯನ್ನು ಅಳಿಸಿಹಾಕುತ್ತಿದ್ದ. ಮರುದಿನ ಬೆಳಗ್ಗೆ ಎಂದಿನಂತೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಳ್ಳುತ್ತಿದ್ದ. ಕೊಳೆತ ಹಣ್ಣಿನ ಸಿಪ್ಪೆ ಹೊಳೆಯುವುದುಂಟು, ಹುಳ ಒಳಗಿರುತ್ತದೆ.

ಟರ್ಮ್ ಮುಗಿಯಿತು. ಸಮೀಕ್ಷಾಳ ಮಾರ್ಕು ಚೆನ್ನಾಗಿಯೇ ಬಂತು. ನೆರವು ಮುಂದುವರಿಯಲು ಉಳಿದದ್ದು ಹಿರಿಯರು ಹೋಗಿ ಮಾತಾಡುವುದೊಂದೇ. ಈ ಸಲ ಹೇಝಲಿನ ಪಕ್ಕದಲ್ಲಿ ರತ್ನಪ್ರಭಾ ಕೂತಿದ್ದರು. ಕೊಗ್ಗನಿಗೆ ಸಮಾಧಾನವಾಯಿತು, ಪರಿಚಯದ ಮುಖ. ಅವರೂ ಗುರುತು ಹಿಡಿದರು. ಅಯ್ಯೋ ನೀವೇನಪ್ಪ ಆ ಮಗುವಿನ ಚಿಕ್ಕಪ್ಪ, ನಂಗೆ ಗೊತ್ತೇ ಇರಲಿಲ್ಲ ಎಂದು ಮರುಗಿದರು. ಚಹಾ ತರಿಸಿದರು. ಹುಡುಗಿಯ ಓದು ಕೇಳಿದರು, ಸ್ವರ್ಣಲತಾಳ ಆರೋಗ್ಯ ಕೇಳಿದರು. ಆಮೇಲೆ ಮೆಲ್ಲಗೆ, "ಅಣ್ಣ ಯಾವಾಗ ಹೋಗಿದ್ದು? ಕಡೇ ಸಲ ಮುಖ ನೋಡೋಕಾದ್ರೂ ಆಯ್ತಾ?" ಎಂದರು.

ಇದಕ್ಕೆ ಕೊಗ್ಗ ಎಂದೋ ತಯಾರಾಗಿದ್ದ. ಪಾಸ್‌ಪೋರ್ಟಿನಲ್ಲಿ ಊರಿಗೆ ಹೋದ ಮೊಹರಿಲ್ಲ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನೂ ಕಟ್ಟಿಟ್ಟಿದ್ದ. ಕನ್ನಡಕ ತೆಗೆದು ಒರೆಸಿದ. "ಚೌತಿಗೆ ಎರಡು ದಿನ ಮುಂಚೆ, ಅಮ್ಮಾ. ಶನಿವಾರ. ಬೆಳಗ್ಗೆಯೇ ಫೋನು ಬಂತು. ಕಫೀಲ್ ರಜೆ ಕೊಡಲಿಲ್ಲ. ಆವತ್ತೇ ಮಧ್ಯಾಹ್ನ ಫೋನಿನಲ್ಲೇ ಚಿತೆ ನೋಡಿದೆ." ದನಿ ಸರಿಯಾದ ಕಡೆ ಒಡೆಯಿತು. ಎಡಗಣ್ಣಿನಲ್ಲಿ ಒಂದು ಹನಿಯೂ ನಿಂತಿತು. ಹೇಝಲ್ ಕಣ್ಣೊರೆಸಿಕೊಂಡಳು.

ರತ್ನಪ್ರಭಾರ ಕೈಯಲ್ಲಿದ್ದ ಲೋಟ ತುಟಿಯವರೆಗೆ ಹೋಗಿ ನಿಂತಿತು. ಅವರು ಅದನ್ನು ಸಾವಕಾಶ ಕೆಳಗಿಟ್ಟರು. ಬಾಯಿಯಲ್ಲಿ ಹಳಸಿದ್ದೇನೋ ಸಿಕ್ಕಿತೆಂಬಂತೆ ಸೆರಗಿನಿಂದ ತುಟಿ ಒರೆಸಿಕೊಂಡರು. "ವಿಕಾಸನ ಮನೇಲಿ ಸೂತಕ ಬಂತು ಅಂತಲೇ ಅಲ್ವೇನಪ್ಪ, ಸೋಮವಾರ ಪೂಜೆಗೆ ನಿಮ್ಮನ್ನ ಕೂರಿಸಿದ್ದು?" ಎಂದರು. "ನಾನು ಎರಡೆರಡು ಸಲ ನಿಮ್ಮ ಕೈಯಿಂದಲೇ ಪ್ರಸಾದ ತೊಗೊಂಡೆ." ಕೊಗ್ಗ ಅವಸರದಲ್ಲಿ ಕನ್ನಡಕ ಹಾಕಿಕೊಂಡ. ಎಡಗಣ್ಣಿನ ಹನಿ ಇನ್ನು ಬೇಡವೆಂದರೂ ಕೆನ್ನೆಗಿಳಿಯಿತು. ಅಣ್ಣನ ಚಿತೆ ಉರಿದ ಮೂರನೆಯ ದಿನ ಯಾವ ತಮ್ಮನೂ ದೇವರ ಮುಂದೆ ಮಣೆಯಲ್ಲಿ ಕೂರುವುದಿಲ್ಲ. ಇದು ಊರಿನ ಹಸುಳೆಗೂ ಗೊತ್ತು, ಹೇಝಲಿಗೂ ಗೊತ್ತು. ಅವಳು ಆಗಲೇ ಸಮೀಕ್ಷಾಳನ್ನು ಕರೆಯಲು ಫೋನು ಎತ್ತಿದ್ದಳು. ರತ್ನಪ್ರಭಾ ಕೊಗ್ಗನ ಕಡೆ ಮತ್ತೆ ನೋಡಲಿಲ್ಲ. ಕಿಟಕಿಯಾಚೆ ಬಿಸಿಲಿಗೆ ಕೈಮುಗಿದು, "ಸದ್ಯ, ಆ ಮಗೂಗೆ ಅಪ್ಪ ಇದಾನೆ," ಎಂದರು.